ನಕಲು ಮಾಡುವಂತಿಲ್ಲ

ಕೃಷ್ಣೆಯ ದಂಡೆಯ ಆಶ್ರಮದಲ್ಲಿ ಗುರುಗಳು ಸೋರೆ ಬಳ್ಳಿಯ ಹಳೆ ಚಪ್ಪರ ಬಿಗಿದು ಕಟ್ಟುತ್ತಿದ್ದರು. ಸುತ್ತಲ ಊರವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಶಿಷ್ಯ ಚನ್ನವೀರ ಓಡಿ ಬಂದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎದೆಗವಚಿದ ಲ್ಯಾಪ್‌ಟಾಪ್ ತೆರೆದೇ ಇತ್ತು.

"ಅಜ್ಜಾರ, ಹೋತ್ರೀ! ಎಲ್ಲಾ ಹೋತು!"

"ಆಕಳು ಹೋತೇನು?"

"ಆಕಳಲ್ರೀ, ನನ್ನ ವೆಬ್‌ಸೈಟ್!"

"ಹಂಗಾದ್ರ ಈ ಹಗ್ಗ ಹಿಡಿ. ಹಿಡಕೊಂಡು ಹೇಳು."

ಚನ್ನವೀರ ಹಗ್ಗ ಹಿಡಿದ.

ಆರು ವರ್ಷ ಅವನು ಸೈಕಲ್ ಮೇಲೆ ಹೊಳೆಸಾಲಿನ ಊರೂರು ತಿರುಗಿದ್ದ. ಮುದುಕರ ಬಾಯಿಂದ ತತ್ವಪದ ಕೇಳಿ ಬರೆದುಕೊಂಡು, ಒಂದೊಂದನ್ನೇ ತನ್ನ ವೆಬ್‌ಸೈಟಿಗೆ ಹಾಕಿದ್ದ. ಇನ್ನೂರ ನಲವತ್ತು ಪದ. ಹಾಡಿದವರಲ್ಲಿ ಅರ್ಧ ಜನ ಈಗ ಇಲ್ಲ. ಮಾಡಿದ್ದು ದೊಡ್ಡ ಕೆಲಸವೇ. ದೊಡ್ಡದೆಂದು ಅವನಿಗೆ ಕೊಂಚ ಹೆಚ್ಚೇ ಗೊತ್ತಿತ್ತು, ತೊಂದರೆ ಅಷ್ಟೇ.

"ಮುಂಜಾನೆ ಅಪ್‌ಡೇಟ್ ಮಾಡು ಅಂತ ಬಂತ್ರೀ. ಒತ್ತಿದೆ. ಪರದೆ ಬೆಳ್ಳಗಾತು."

"ಆಮ್ಯಾಲ?"

"ಗಾಬರಿ ಆಗಿ ಹಳೇದೆಲ್ಲಾ ಅಳಿಸಿ ಹೊಸದಾಗಿ ಕುಂದರಿಸಿದೆ. ಚಂದಾಗೇ ಕುಂತೈತಿ. ಒಳಗ ಒಂದೂ ಪದ ಇಲ್ಲ."

"ಇನ್ನೊಂದು ಪ್ರತಿ ಇಟ್ಟಿಲ್ಲೇನು?"

"ಇಟ್ಟೀನ್ರೀ! ದಿನಾ ತಾನ ಬ್ಯಾಕಪ್ ಆಗೂ ಹಂಗ ಮಾಡಿದ್ದೆ."

"ಎಲ್ಲಿ?"

ಚನ್ನವೀರ ಹಗ್ಗವನ್ನೇ ನೋಡಿದ. "ಅದರೊಳಗ ರೀ. ಅಳಿಸಿದಾಗ ಅದೂ ಹೋತು."

"ಪೆಟ್ಟಿಗಿ ಕೀಲಿ ಪೆಟ್ಟಿಗಿ ಒಳಗ ಇಟ್ಟಂಗಾತು. ಬರಕೊಂಡ ಕಾಗದ?"

"ಟೈಪ್ ಮಾಡಿದ ಮ್ಯಾಲ ನಿಮ್ಮ ನೀರೊಲಿಗೆ ಹಾಕೀನ್ರಿ."

"ಅದಕ್ಕ ನೀರು ಭಾಳ ಛಲೋ ಕಾಯ್ತಿದ್ದುವು."

ಚನ್ನವೀರನಿಗೆ ಅಳು ಬಂತು. "ನಗಬ್ಯಾಡ್ರಿ ಅಜ್ಜಾರ. ದ್ಯಾಮಣ್ಣಜ್ಜನ ಹದಿನಾರು ಪದ ಅದರಾಗಿದ್ದುವು. ಅವು ಇನ್ಯಾರಿಗೂ ಬರೂದಿಲ್ಲ. ಅಜ್ಜ ಹೋದ ಕಾರ್ತೀಕದಾಗ ತೀರಿಕೊಂಡ. ಈಗ ಯಾರನ್ನ ಕೇಳಲಿ?"

"ಓದಿದವರು ಯಾರಾರ ಬರಕೊಂಡಿರಬೇಕಲ್ಲ?"

"ಆಗಂಗಿಲ್ರೀ, ನಾನ ಬೀಗ ಹಾಕಿದ್ದೆ. ಎಷ್ಟು ಒತ್ತಿ ಹಿಡದ್ರೂ ಒಂದಕ್ಷರ ಕಾಪಿ ಆಗಬಾರದು, ಹಂಗ. ಕೆಳಗ ಬರದೂ ಇದ್ದೆ, 'ಈ ಪದಗಳನ್ನು ನಕಲು ಮಾಡುವಂತಿಲ್ಲ' ಅಂತ."

"ಯಾಕ?"

"ಬಿಸಲಾಗ ತಿರುಗಿ ಕೂಡಿಸಿದಾವ ನಾನು. ಬ್ಯಾರೆಯವರು ತಮ್ಮ ಹೆಸರಿಗೆ ಹಾಕ್ಕೊಂಡ್ರ?"

"ನಿನಗ ಹಾಡಿ ತೋರಿಸೂ ಮುಂದ ದ್ಯಾಮಣ್ಣ ಬೀಗ ಹಾಕಿದ್ದನೇನು?"

ಚನ್ನವೀರ ಲ್ಯಾಪ್‌ಟಾಪ್ ಮುಚ್ಚಿದ.

ಅಜ್ಜಾರು ಚಪ್ಪರದಲ್ಲಿ ತೂಗುತ್ತಿದ್ದ ಒಣ ಸೋರೆಯನ್ನು ಕಿತ್ತು, ಕಲ್ಲಿಗೆ ಕುಟ್ಟಿ ಒಡೆದರು. ಬೀಜವನ್ನು ಅವನ ಟವೆಲಿಗೆ ಸುರಿದರು.

"ಆಚೆ ದಂಡಿ ನೀಲವ್ವಗ ಕೊಟ್ಟು ಬಾ."

"ಈಗೇನ್ ಬೀಜ ರೀ ಅಜ್ಜಾರ!"

"ಹಿಂದ ಹೊಳಿ ಬಂದು ನಮ್ಮ ಬೀಜದ ಗಡಿಗಿ ಒಯ್ತಲ್ಲ, ಆಮ್ಯಾಲ ಈ ಬಳ್ಳಿಗೆ ಬೀಜ ಎಲ್ಲಿಂದ ಬಂತು?"

"ಆಕಿ ಮನಿಯಿಂದ್ರಿ."

"ಆಕಿಗೆ?"

"ಅದರ ಹಿಂದಿನ ವರ್ಷ ನೀವ ಕೊಟ್ಟಿದ್ರಿ."

"ಮತ್ತ ನಿಂತು ಏನು ನೋಡ್ತಿ? ತೆಪ್ಪ ಹೊಂಟೀತು, ಓಡು."

ಸಿಟ್ಟಿನಿಂದಲೇ ಚನ್ನವೀರ ತೆಪ್ಪ ಹತ್ತಿದ.

ಆಚೆ ದಂಡೆಯಲ್ಲಿ ನೀಲವ್ವ ಕಟ್ಟೆಯ ಮೇಲೆ ಕುಸುಬಿ ಕೇರುತ್ತಿದ್ದಳು. ಬೀಜ ಇಸಕೊಂಡು ಅವನ ಮುಖ ನೋಡಿದಳು.

"ಆಶ್ರಮದ ಚನ್ನವೀರ ಅಂದ್ರ ನೀನ ಏನಪಾ? ಮೂರು ತಿಂಗಳ ಹಿಂದ ನಿನಗ ಫೋನ್ ಹಚ್ಚಿದ್ದೆ. ನಮ್ಮಪ್ಪನ ಪದ ಕಾಪಿ ಮಾಡಕೋಬೇಕು, ಬೀಗ ತಗಿ ಅಂದೆ. 'ಅಲ್ಲೇ ಓದ್ರಿ' ಅಂದು ಇಟ್ಟಬಿಟ್ಟಿ."

"ನಿಮ್ಮಪ್ಪ ಯಾರವ್ವಾ?"

"ದ್ಯಾಮಣ್ಣ."

ಚನ್ನವೀರನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಂದೆಯ ಹಾಡನ್ನು ಮಗಳಿಗೂ ಕೊಡದೆ ಬೀಗ ಹಾಕಿ ಕಾಯ್ದಿದ್ದ, ಕೊನೆಗೆ ತಾನೇ ಕಳೆದಿದ್ದ. ಬಿಕ್ಕುತ್ತಲೇ ಎಲ್ಲ ಹೇಳಿದ. "ತಪ್ಪಾತವ್ವಾ, ಅಜ್ಜನ ಪದ ನಾನ ಅಳಿಸಿಬಿಟ್ಟೆ."

ನೀಲವ್ವ ಮೊರ ಕೆಳಗಿಟ್ಟು ನಕ್ಕಳು. "ನೀ ಫೋನಿಗೆ ಬೀಗ ಹಾಕಿದ್ದಿ. ನಮ್ಮ ಪೆನ್ನಿಗೆ ಹಾಕಿರಲಿಲ್ಲಲ್ಲ?"

ಒಳಗೆ ಹೋಗಿ ಅರಿವೆಯಲ್ಲಿ ಸುತ್ತಿದ ಐದು ವಹಿ ತಂದಳು. ಅವರ ಭಜನಾ ಮಂಡಳಿಯ ಹೆಂಗಸರಿಗೆಲ್ಲ ಒಂದೊಂದು ಪದದ ವಹಿ ಉಂಟು. ದಿನಾ ಮಧ್ಯಾಹ್ನ ಒಬ್ಬಳು ಫೋನ್ ನೋಡಿ ಓದಿದ್ದಾಳೆ, ಉಳಿದವರು ಬರೆದುಕೊಂಡಿದ್ದಾರೆ.

ಮೊದಲ ಹಾಳೆಯಲ್ಲಿ ನೀಲವ್ವ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿದ್ದಳು: ಬೇಕಾದವರು ಬರಕೊಳ್ರಿ. ವಹಿ ಮಾತ್ರ ತಿರುಗಿ ಕೊಡ್ರಿ.

ಚನ್ನವೀರ ಹಾಳೆ ಮಗುಚಿದ. ದ್ಯಾಮಣ್ಣಜ್ಜನ ಪದ! ಒಂದು, ಎರಡು, ಹತ್ತು, ಹದಿನಾರು. ಹದಿನೇಳು!

"ಇದು ನನ್ನ ಹತ್ರ ಇರಲೇ ಇಲ್ಲ!"

"ಅದೊಂದನ್ನ ಅಪ್ಪ ಮನ್ಯಾಗ ನನ್ನ ತೊಟ್ಟಿಲ ತೂಗತಾ ಹಾಡತಿದ್ದ. ಆ ಹದಿನಾರು ನಿನ್ನಿಂದ ಬಂದುವು, ಇದು ನನ್ನದು. ಬರಕೋ."

ಚನ್ನವೀರ ಹಾಕಿದ ಕೇಕೆಗೆ ಅಂಗಳದ ಕೋಳಿಗಳೆಲ್ಲ ಹಿತ್ತಲಿಗೆ ಓಡಿದವು.

ತೆಪ್ಪ ದಂಡೆ ಮುಟ್ಟುವ ಮೊದಲೇ ಅವನು ನೀರಿಗೆ ಜಿಗಿದ, ವಹಿಗಳನ್ನು ತಲೆಯ ಮೇಲೆ ಹೊತ್ತು.

"ಸಿಕ್ಕುವ್ರೀ ಅಜ್ಜಾರ! ಸಿಕ್ಕುವು! ನಿಮಗ ಮೊದಲ ಗೊತ್ತಿತ್ತೇನ್ರಿ?"

"ದಿನಾ ಸಂಜಿಗೆ ಆ ದಂಡ್ಯಾಗ ಹಾಡ್ತಾರ. ಕೇಳಾಕ ನಿನ್ನ ಕಿವಿ ಖಾಲಿ ಇರಬೇಕಲ್ಲ. ಇಯರ್‌ಫೋನ್ ತುರುಕಿರತಿ."

ಎಂಟು ದಿನ ಚನ್ನವೀರ ಊಟ ನಿದ್ದೆ ಮರೆತು ಟೈಪ್ ಮಾಡಿದ. ಒಂಬತ್ತು ಪದ ಸಿಗಲಿಲ್ಲ. ಸಿಕ್ಕಿದ್ದೆಲ್ಲದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟ. ಬೀಗ ತೆಗೆದ.

ಪುಟದ ಕೆಳಗೆ, ಆ ಹಳೆಯ ಸಾಲಿದ್ದ ಜಾಗ ಖಾಲಿ ಉಳಿದಿತ್ತು.

"ಅಜ್ಜಾರ, ಇಲ್ಲಿ ಏನು ಬರೀಲ್ರಿ?"

ಅಜ್ಜಾರು ಚಪ್ಪರದ ಕಡೆಯಿಂದ ತಿರುಗಲೂ ಇಲ್ಲ.

"ನೀಲವ್ವ ಮೊದಲ ಹಾಳಿಗೆ ಏನು ಬರದಾಳ ನೋಡು. ಅದನ್ನ ನಕಲು ಮಾಡು."