ಮೂರು ಮಡಿಕೆಯ ಕಾಗದ

“ಗುರುಗಳೇ, ಯಾವ ಕೆಲಸವನ್ನೂ ಮಾಡದವನನ್ನು ಮಠದಲ್ಲಿ ಇಟ್ಟುಕೊಳ್ಳಬೇಕೇ?” ಎಂದು ಪರ್ವತಯ್ಯ ಕೇಳಿದ.

ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ಅದಕ್ಕೂ ಮೊದಲು ದೊಡ್ಡದೊಂದು ಗೋದಾಮಿನಲ್ಲಿ ಮೇಲ್ವಿಚಾರಕನಾಗಿದ್ದ. ಹೋದ ತಿಂಗಳು ಗುರುಗಳು ದಾಸೋಹದ ಹೊಣೆಯನ್ನು ಅವನಿಗೆ ವಹಿಸಿದ್ದರು. ಒಂದೇ ತಿಂಗಳಲ್ಲಿ ಅವನು ಉಗ್ರಾಣವನ್ನು ಕನ್ನಡಿಯ ಹಾಗೆ ಮಾಡಿದ್ದ. ಹುಳ ಹಿಡಿದ ಬೇಳೆ ಹೋಯಿತು, ತೂತು ಬಿದ್ದ ಪಾತ್ರೆ ಹೋಯಿತು, ಮುರಿದ ಮಣೆಗಳು ಒಲೆ ಸೇರಿದವು. ಇನ್ನು ಉಳಿದವನು ಕೊಟ್ರಪ್ಪಜ್ಜ ಒಬ್ಬನೇ. ಅಜ್ಜ ಬೆಳಗಿನಿಂದ ಸಂಜೆಯವರೆಗೆ ಹೆಬ್ಬಾಗಿಲ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಬಂದವರನ್ನೆಲ್ಲ “ಊಟ ಆಯಿತೇನಪ್ಪ?” ಎಂದು ಕೇಳುತ್ತಿದ್ದ. ಅದರಾಚೆಗೆ ಅವನು ಒಂದು ಕಡ್ಡಿಯನ್ನೂ ಎತ್ತಿಡುತ್ತಿರಲಿಲ್ಲ. ಪಕ್ಕದ ತಾಲ್ಲೂಕಿನ ವೃದ್ಧಾಶ್ರಮದಲ್ಲಿ ಜಾಗ ಸಿಕ್ಕಿದೆ, ನಾಳೆ ಬೆಳಗಿನ ಬಸ್ಸಿಗೆ ಅಜ್ಜನನ್ನು ಕಳಿಸಿಬಿಡಬಹುದು, ತಮ್ಮ ಒಪ್ಪಿಗೆಯೊಂದೇ ಬಾಕಿ ಎಂದು ಪರ್ವತಯ್ಯ ತಿಳಿಸಿದ.

ಗುರುಗಳು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಮೊರವನ್ನು ಅವನ ಕಡೆಗೂ ಸರಿಸಿದರು. ಕೈ ಖಾಲಿ ಇಟ್ಟುಕೊಂಡು ಕತೆ ಕೇಳಬಾರದು, ನೀನೂ ನಾಲ್ಕು ಕಾಯಿ ಸುಲಿ ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಹೆಂಡತಿ ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದವಳು. ಅವಳ ಬಳಿ ಒಂದು ಹಳೆಯ ಗಿಟಾರ್ ಇತ್ತು. ಏಕಯ್ಯ ನಗುತ್ತೀಯ? ಕಾವಿ ಉಟ್ಟವನ ಬಾಯಲ್ಲಿ ಗಿಟಾರ್ ಬರಬಾರದೇ? ತಂಬೂರಿಗೆ ತಂತಿ ನಾಲ್ಕು, ಅದಕ್ಕೆ ಆರು. ಮಿಕ್ಕಿದ್ದೆಲ್ಲ ಮರವೇ.

ಹೆಂಡತಿ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಪರವೂರಿಗೆ ಹೋಗಿದ್ದಳು. ಅವಳು ಶನಿವಾರ ಸಂಜೆ ಮರಳಿ ಬರುವವಳಿದ್ದಳು. ಮರುದಿನ ಭಾನುವಾರ ಅವಳ ಹಳೆಯ ಶಾಲೆಯಲ್ಲಿ ಸಮಾರಂಭ. ಕೆಲಸ ಬಿಟ್ಟು ಹತ್ತು ವರ್ಷವಾದ ಮೇಲೆ ಶಾಲೆಯವರು ಅವಳನ್ನು ನೆನೆದು, ಬಂದು ಒಂದು ಹಾಡು ನುಡಿಸಿರಿ ಎಂದು ಕರೆದಿದ್ದರು. ಫೋನಿನಲ್ಲಿ ಆ ಸುದ್ದಿ ಹೇಳುವಾಗ ಅವಳು ಹಿಗ್ಗಿ ಹೀರೇಕಾಯಿ ಆಗಿದ್ದಳು. ಇವನಿಗೂ ಸಂತೋಷವಾಯಿತು. ಅವಳು ಬರುವುದರೊಳಗೆ ಗಿಟಾರನ್ನು ಹೊಸದರಂತೆ ಮಾಡಿಡಬೇಕು ಎಂದುಕೊಂಡ. ಪಾಪ, ಒಳ್ಳೆಯ ಮನಸ್ಸಿನವನೇ.

ಅಂಗಡಿಗೆ ಎರಡು ದಿನ ಬೀಗ ಹಾಕಿದ. ಹಳೆಯ ತಂತಿಗಳನ್ನು ಬಿಚ್ಚಿದ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಮೈಯೆಲ್ಲ ಒರೆಸಿದ. ಹೊಟ್ಟೆಯೊಳಗಿನ ಧೂಳಿಗೆ ಕೈ ಎಟುಕುವುದಿಲ್ಲ. ಅದಕ್ಕೆ ಎರಡು ಹಿಡಿ ಅಕ್ಕಿ ಸುರಿದು ಅಲ್ಲಾಡಿಸಬೇಕು, ಧೂಳೆಲ್ಲ ಅಕ್ಕಿಗೆ ಹತ್ತಿ ಹೊರಗೆ ಬರುತ್ತದೆ ಎಂದು ಯಾರೋ ಹೇಳಿದ್ದರು. ಹಾಗೆಯೇ ಮಾಡಿದ. ಅಕ್ಕಿಯ ಜೊತೆ ಹೆಂಡತಿಯ ಒಂದು ಹೇರ್‌ಪಿನ್ನೂ ಎರಡು ಸತ್ತ ಜಿರಳೆಗಳೂ ಬಿದ್ದವು. ತಂತಿ ಬಿಗಿಯುವ ಬಿರಡೆಗಳಿಗೆ ಗಡಿಯಾರದ ಎಣ್ಣೆಯನ್ನು ಒಂದೊಂದೇ ಹನಿ ಬಿಟ್ಟ. ಗೀರು ಬಿದ್ದ ಕಡೆ ಬಡಗಿಯ ಹತ್ತಿರ ತಂದ ಪಾಲಿಶನ್ನು ಹತ್ತಿಯಿಂದ ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿದ. ಯಾವುದೂ ತಪ್ಪಲ್ಲ, ನೋಡು. ಎಲ್ಲವೂ ಮಾಡಬೇಕಾದದ್ದೇ.

ಕೊನೆಗೆ ತಂತಿಗಳನ್ನು ಹೊರುವ ಕುದುರೆಯ ಹತ್ತಿರ ಬಂದ. ವೀಣೆಗೆ ಇರುವಂತೆ ಗಿಟಾರಿಗೂ ಒಂದು ಕುದುರೆ ಇರುತ್ತದೆ. ಅದರ ಸೀಳಿನಲ್ಲಿ ಮೂಳೆಯದೊಂದು ಸಣ್ಣ ಪಟ್ಟಿ. ತಂತಿ ಇಲ್ಲದಿದ್ದರಿಂದ ಪಟ್ಟಿ ಸುಲಭವಾಗಿ ಕೈಗೆ ಬಂತು. ಅದರ ಕೆಳಗೆ ಮಡಿಸಿದ ಒಂದು ಕಾಗದದ ಚೂರು ಇತ್ತು. ಕಂದು ಬಣ್ಣಕ್ಕೆ ತಿರುಗಿತ್ತು, ಅಂಚು ಪುಡಿಯಾಗಿತ್ತು.

ಇಲ್ಲಿ ಸ್ವಲ್ಪ ಕಿವಿಗೊಡು. ಅವನು ನಲವತ್ತು ವರ್ಷ ಗಡಿಯಾರ ಬಿಚ್ಚಿದವನು. ಗಡಿಯಾರದೊಳಗೆ ಒಂದು ಎಳೆ ದಾರ, ಒಂದು ಚೂರು ಕಾಗದ ಕಂಡರೆ ಅದು ಕಸವೇ. ಅದರಿಂದಲೇ ಗಡಿಯಾರ ನಿಂತಿರುತ್ತದೆ. ಅದನ್ನು ತೆಗೆದರೆ ಓಡುತ್ತದೆ. ಹೀಗೆ ಅವನು ಎಷ್ಟು ಗಡಿಯಾರಗಳನ್ನು ಓಡಿಸಿದ್ದನೋ! ಬೇರೆ ಯಾರಾದರೂ ಆಗಿದ್ದರೆ, ಇದೇನಿದು ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು. ಇವನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಕೈ ಅಷ್ಟು ಪಳಗಿತ್ತು. ಚಿಮಟದಿಂದ ಎತ್ತಿ ಉರಿಯುವ ಒಲೆಗೆ ಹಾಕಿದ. ಸೀಳನ್ನು ಬ್ರಷ್ಷಿನಿಂದ ಉಜ್ಜಿ, ಮೂಳೆಯನ್ನು ಮತ್ತೆ ಕೂರಿಸಿ, ಹೊಸ ತಂತಿ ಕಟ್ಟಿದ. ಅವನಿಗೆ ನುಡಿಸಲು ಬರುತ್ತಿರಲಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಿಟ್ಟು ದೂರದಿಂದ ನೋಡಿ ಖುಷಿಪಟ್ಟ.

ಶನಿವಾರ ಹೆಂಡತಿ ಬಂದಳು. ಚೀಲವನ್ನು ಕೆಳಗಿಡುವ ಮೊದಲೇ ಗಿಟಾರ್ ಕಣ್ಣಿಗೆ ಬಿತ್ತು. ಇದು ನನ್ನದೇ ಏನು ಎಂದು ಕೇಳಿದಳು. ಅವಳ ಕಣ್ಣು ತುಂಬಿತು. ಮೂವತ್ತು ವರ್ಷದಲ್ಲಿ ಗಂಡ ಅವಳಿಗಾಗಿ ಗಡಿಯಾರವಲ್ಲದ್ದನ್ನು ಮುಟ್ಟಿದ್ದು ಅದೇ ಮೊದಲು. ಕೈಕಾಲು ತೊಳೆದು ಬಂದು ಶ್ರುತಿ ಮಾಡಿ ನುಡಿಸಿದಳು. ತಂತಿಗಳು ಜುಯ್ ಎಂದವು. ಯಾವ ತಂತಿ ಒತ್ತಿದರೂ ಅದು ಕೊರಳಿನ ಮೇಲೆ ಅಡ್ಡಲಾಗಿ ಕೂರಿಸಿದ ಹಿತ್ತಾಳೆ ಪಟ್ಟಿಗಳಲ್ಲಿ ಮುಂದಿನದಕ್ಕೆ ತಾಗಿ ಬರೀ ಗೊರಗುಟ್ಟಿತು, ಸ್ವರವೇ ಏಳಲಿಲ್ಲ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಅವಳು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಿದಳು.

“ಈ ಮೂಳೆಯ ಕೆಳಗೆ ಒಂದು ಕಾಗದ ಇತ್ತಲ್ಲ, ಅದೆಲ್ಲಿ?” ಎಂದು ಕೇಳಿದಳು.

“ಕಸ ಅಂತ ಒಲೆಗೆ ಹಾಕಿದೆ” ಎಂದ ಗಂಡ.

ಅವಳು ಆಗ ಹೇಳಿದಳು. ಇಪ್ಪತ್ತು ವರ್ಷದ ಹಿಂದೆಯೇ ಮೂಳೆ ಸವೆದಿತ್ತಂತೆ. ತಂತಿಗಳು ಕೆಳಗಿಳಿದು ಹೀಗೆಯೇ ಗೊರಗುಟ್ಟುತ್ತಿದ್ದವಂತೆ. ಹೊಸ ಮೂಳೆ ಆ ಊರಿನಲ್ಲಿ ಸಿಗುತ್ತಿರಲಿಲ್ಲ. ಒಂದು ದಿನ ಬಸ್ ಟಿಕೆಟನ್ನು ಮಡಿಸಿ ಕೆಳಗಿಟ್ಟಳು. ಸ್ವರ ಸರಿಹೋಯಿತು. ಅಂದಿನಿಂದ ಎಷ್ಟು ಹಾಡು, ಎಷ್ಟು ಮಕ್ಕಳ ಪಾಠ, ಎಲ್ಲವನ್ನೂ ಆ ಟಿಕೆಟ್ ಹೊತ್ತಿತ್ತು.

ಗಂಡ ತಲೆಯ ಮೇಲೆ ಕೈ ಹೊತ್ತು ಕುಳಿತ. ಹತ್ತು ವರ್ಷದ ಮೇಲೆ ಬಂದ ಕರೆಯನ್ನು ನಾನೇ ಕೈಯಾರೆ ಕೆಡಿಸಿದೆ ಎಂದು ಅವನಿಗೆ ತುಂಬ ನಾಚಿಕೆಯಾಯಿತು, ದುಃಖವೂ ಆಯಿತು. ಸಿಟ್ಟೂ ಬಂತು. ತಪ್ಪು ನಮ್ಮದಾದಾಗ ಬರುವ ಸಿಟ್ಟು ಇರುತ್ತದಲ್ಲ, ಅದು.

“ಇಷ್ಟು ವರ್ಷ ಒಂದು ಸಲವಾದರೂ ನನಗೆ ಹೇಳಬಾರದಿತ್ತೇ?” ಎಂದ.

“ಗೊರಗುಟ್ಟಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಚೆನ್ನಾಗಿ ನುಡಿಯುವಾಗ ಯಾಕೆ ಎಂದು ಯಾರು ಕೇಳುತ್ತಾರೆ ರೀ?” ಎಂದಳು ಅವಳು.

ಅವಳು ಬಯ್ಯಲಿಲ್ಲ. ಬಯ್ಯುವಷ್ಟು ಬಿಡುವೂ ಇರಲಿಲ್ಲ, ಬೆಳಗಾದರೆ ಸಮಾರಂಭ. ಗಡಿಯಾರದ ಗಾಜು ಬರುವ ರಟ್ಟಿನ ಡಬ್ಬಿ ಇದ್ದರೆ ಕೊಡಿ ಎಂದಳು. ಅದರದೊಂದು ಚೂರು ಕತ್ತರಿಸಿ ಮೂಳೆಯ ಕೆಳಗಿಟ್ಟಳು. ರಟ್ಟು ದಪ್ಪವಾಯಿತು, ತಂತಿ ಎತ್ತರಕ್ಕೆ ಹೋಗಿ ಒತ್ತಲು ಬೆರಳು ನೊಂದವು. ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳಿನ ಹಾಳೆ ಹರಿದಳು. ಎರಡು ಮಡಿಕೆ ಸಾಲಲಿಲ್ಲ. ನಾಲ್ಕು ಮಡಿಕೆ ಹೆಚ್ಚಾಯಿತು. ಪ್ರತಿ ಸಲವೂ ತಂತಿ ಸಡಿಲಿಸಬೇಕು, ಮೂಳೆ ಎತ್ತಬೇಕು, ಮತ್ತೆ ಬಿಗಿಯಬೇಕು. ಗಂಡನೇ ಚಿಮಟ ಹಿಡಿದು ಕುಳಿತ. ಸೂಜಿಮೊನೆಯಷ್ಟು ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಮೂರು ಮಡಿಕೆ ಮಾಡಿ, ಅಂಚು ಕತ್ತರಿಸಿ, ಸೀಳಿನೊಳಗೆ ಸಮನಾಗಿ ಕೂರಿಸಿದ. ಅವಳು ನುಡಿಸಿದಳು. ಸ್ವರ ತಿಳಿಯಾಗಿ ಎದ್ದಿತು. ಮೂವತ್ತು ವರ್ಷದಿಂದ ಅದೇ ಮನೆಯಲ್ಲಿ ಅದೇ ಗಿಟಾರ್ ಕೇಳುತ್ತಿದ್ದವನು ಅಂದು ಮೊದಲ ಸಲ ಕಿವಿಯಿಟ್ಟು ಕೇಳಿದ.

ಭಾನುವಾರ ಅವಳು ಶಾಲೆಯಲ್ಲಿ ನುಡಿಸಿದಳು. ಗಿಟಾರ್ ಎಷ್ಟು ಹೊಳೆಯುತ್ತಿದೆ ಎಂದು ಎಲ್ಲರೂ ಹೊಗಳಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗಂಡ ಮಾತ್ರ ಹೊಳಪನ್ನು ನೋಡಲಿಲ್ಲ. ಅವನ ಕಣ್ಣು ಆ ಮೂಳೆಯ ಬುಡದಲ್ಲೇ ನೆಟ್ಟಿತ್ತು.

ಇಷ್ಟು ಹೇಳಿ ಗುರುಗಳು ಸುಲಿದ ಕಾಳನ್ನು ಬಟ್ಟಲಿಗೆ ತುಂಬಿಕೊಂಡರು.

ಪರ್ವತಯ್ಯ ಒಪ್ಪಿದಂತೆ ಕಾಣಲಿಲ್ಲ. ಕತೆ ಚೆನ್ನಾಗಿದೆ, ಆದರೆ ಕಾಗದಕ್ಕೆ ಒಂದು ಕೆಲಸವಿತ್ತು, ಅದು ತಂತಿಯನ್ನು ಎತ್ತಿ ಹಿಡಿದಿತ್ತು. ಅಜ್ಜ ಯಾರನ್ನು ಎತ್ತಿ ಹಿಡಿದಿದ್ದಾನೆ ಎಂದು ವಿನಯದಿಂದಲೇ ಕೇಳಿದ. ದಾಸೋಹದಲ್ಲಿ ಊಟವಿದೆ ಎಂದು ಊರಿಗೆಲ್ಲ ಗೊತ್ತು, ಹೆಬ್ಬಾಗಿಲಲ್ಲಿ ದೊಡ್ಡ ಬೋರ್ಡೂ ಇದೆ ಎಂದ. ಹೇಳುತ್ತಲೇ ಇನ್ನೊಂದು ಅವರೆಕಾಯಿಯನ್ನು ಕೈಗೆತ್ತಿಕೊಂಡ.

“ಏಳು ವರ್ಷದ ಹಿಂದೆ ಗೋದಾಮಿನ ಕೆಲಸ ಕಳೆದುಕೊಂಡು, ಮೂರು ದಿನದ ಹಸಿವು ಹೊತ್ತು ಬಂದು, ಆ ಬೋರ್ಡನ್ನು ಓದಿಯೂ ಒಳಗೆ ಬರಲು ನಾಚಿ ನೀನು ಹಿಂದಿರುಗುತ್ತಿದ್ದಾಗ, ಊಟ ಆಯಿತೇನಪ್ಪ ಎಂದು ನಿನ್ನನ್ನು ಕೇಳಿದವರು ಯಾರು, ಪರ್ವತಯ್ಯ?” ಎಂದರು ಗುರುಗಳು.

ಪರ್ವತಯ್ಯನ ಕೈಯಲ್ಲಿ ಅವರೆಕಾಯಿ ಸುಲಿಯದೆ ಹಾಗೆಯೇ ಉಳಿಯಿತು.