ಬೊಗಸೆಬಾವಿ

ಕಾರೆಕೊಪ್ಪಲಿನ ಪಡುವಣಕ್ಕೆ, ಮನೆಗಳು ಮುಗಿದು ರಾಗಿಹೊಲ ಶುರುವಾಗುವಲ್ಲಿ, ಕಲ್ಲು ಕಟ್ಟಿದ ಹಳೆಯ ಬಾವಿಯೊಂದಿದೆ. ಮನೆಮನೆಗೆ ನಲ್ಲಿ ಬಂದಿದ್ದರೂ ಕುಡಿಯಲು ಊರವರಿಗೆ ಇದರ ನೀರೇ ಆಗಬೇಕು. ಇದಕ್ಕೆ ಬೊಗಸೆಬಾವಿ ಎಂದು ಹೆಸರು. ಹೆಸರು ಕೇಳಿ ಪುಟ್ಟದೊಂದು ಗುಂಡಿಯನ್ನು ಊಹಿಸಿಕೊಂಡು ಬರುವ ಪೇಟೆಯವರು ಇಣುಕಿ ನೋಡಿ ಪೆಚ್ಚಾಗುತ್ತಾರೆ. ಬಾವಿ ಆನೆ ಇಳಿಯುವಷ್ಟು ಅಗಲವಿದೆ. ಬಾವಿಯ ಪಕ್ಕದಲ್ಲಿ ಕುಳಿತು ಕುಳಿತು ನುಣುಪಾದ ಒಂದು ತಗ್ಗು ಕಲ್ಲಿದೆ.

ಹಿಂದೆ ಒಮ್ಮೆ, ಮೈಸೂರಿನಲ್ಲಿ ಅರಸರು ಆಳುತ್ತಿದ್ದಾಗ, ಪಾದ್ರಿಗಳು ಇನ್ನಾಸಪ್ಪನೆಂಬ ಉಪದೇಶಿಯನ್ನು ಈ ಊರಿಗೆ ಕಳುಹಿಸಿದರು ಎನ್ನುತ್ತಾರೆ. ಹೆಂಡತಿ ತೀರಿಹೋಗಿದ್ದಳು, ಜೊತೆಗಿದ್ದವಳು ಪುಟ್ಟ ಮಗಳು ಅನ್ನಮ್ಮ ಒಬ್ಬಳೇ. ಊರಿಗೆ ಔಷಧ ಕೊಡುತ್ತೇನೆ, ಅಕ್ಷರ ಕೊಡುತ್ತೇನೆ, ದೇವರ ಮಾತು ಕೊಡುತ್ತೇನೆ ಎಂದು ಅವನಿಗೆ ಎಲ್ಲಿಲ್ಲದ ಹುಮ್ಮಸ್ಸು. ತಾನು ಈಸಿಕೊಳ್ಳಬೇಕಾದದ್ದೂ ಇದ್ದೀತು ಎಂದು ಅವನಿಗೆ ಹೊಳೆದಿರಲಿಲ್ಲ. ಕುಲ ಗೊತ್ತಿಲ್ಲದವರು ಬಾವಿಯ ಹಗ್ಗ ಮುಟ್ಟಬಾರದೆಂಬುದು ಅಂದಿನ ಕಟ್ಟಳೆ. ಅಂಥವರು ಆ ತಗ್ಗು ಕಲ್ಲಿನ ಮೇಲೆ ಕುಳಿತು ಬೊಗಸೆಯೊಡ್ಡಬೇಕು, ಇಲ್ಲವೇ ಗಡಿಗೆಯಿಡಬೇಕು. ಊರವರು ಮೇಲಿನಿಂದ ಹುಯ್ಯಬೇಕು. ಕೆಟ್ಟ ಕಟ್ಟಳೆ, ಅದರಲ್ಲಿ ಎರಡು ಮಾತಿಲ್ಲ. ದಿನವೂ ಕುಳಿತೇಳುವಾಗ ಇನ್ನಾಸಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಕೆರೆಯ ಬಗ್ಗಡ ನೀರು ಕುಡಿದ ದನಗಾಹಿಗಳಿಂದ ಊರಿಗೆ ವಿಷಮಜ್ವರ ಹಬ್ಬಿತು. ಸುಗ್ಗಿಯ ಹೊತ್ತಿಗೆ ಅನ್ನಮ್ಮನೂ ಮಲಗಿದಳು. ಒಂದು ಮಧ್ಯಾಹ್ನ ಅವಳು ನೀರು ಕೇಳಿದಾಗ ಮನೆಯಲ್ಲಿ ತೊಟ್ಟೂ ಇರಲಿಲ್ಲ. ಇನ್ನಾಸಪ್ಪ ಗಡಿಗೆ ಹಿಡಿದು ಬಾವಿಗೆ ಓಡಿದ. ಊರಿಗೆ ಊರೇ ಒಕ್ಕಣೆಯ ಕಣದಲ್ಲಿತ್ತು. ಹಗ್ಗ ಕೈಗೆಟುಕುವಂತೆಯೇ ಇತ್ತು. ಕಟ್ಟಳೆಗೆ ಅಂಜಿ ಅವನು ಕಲ್ಲಿನ ಮೇಲೆ ಕುಳಿತು ಕಾದ. ಕೊನೆಗೆ ಯಾರೋ ಬಂದು ಹುಯ್ದ ನೀರನ್ನು ಹೊತ್ತು ಮನೆಗೆ ಹೋದಾಗ ಮಗು ಹೋಗಿಬಿಟ್ಟಿತ್ತು.

ಅವನಿಗೆ ಅಳು ಬರಲಿಲ್ಲ. ಮಣ್ಣು ಮಾಡಿದ, ಕೈ ತೊಳೆದ, ಪ್ರಾರ್ಥನೆಗೆ ಕುಳಿತ. ಬಾಯಿಗೆ ಒಂದು ಮಾತೂ ಬರಲಿಲ್ಲ. ಒಳಗೆಲ್ಲ ಮರಗಟ್ಟಿತ್ತು. ಕಳೆದ ದನದ ಸುದ್ದಿ ಹೇಳುವವನಂತೆ ತಾಲ್ಲೂಕಿಗೆ ಹೋಗಿ ಅಮಲ್ದಾರರಿಗೆ ದೂರು ಹೇಳಿ ಬಂದ.

ಅಮಲ್ದಾರರು ಕುದುರೆಯೇರಿ ಬಂದು, ಇನ್ನು ಮುಂದೆ ಇವನೂ ನೀರು ಸೇದುತ್ತಾನೆ ಎಂದು ಆಜ್ಞೆ ಮಾಡಿದರು. ಪಟೇಲ ಮೊಗಣ್ಣಗೌಡ ಹಗ್ಗವನ್ನು ತಂದು ಇನ್ನಾಸಪ್ಪನ ಕೈಗೆ ಹಾಕಿದ.

"ಸೇದ್ಕಳಪ್ಪ. ನಮ್ಗೆ ಕೆರೆ ಐತೆ," ಎಂದ.

ಹೆಂಗಸರು ಆಗಲೇ ಬಿಂದಿಗೆಗಳನ್ನು ಎತ್ತಿಕೊಂಡು ಕೆರೆಯ ಕಡೆ ತಿರುಗಿದ್ದರು. ಒಬ್ಬಳ ಸೊಂಟದ ಮೇಲೆ ಕೂಸಿತ್ತು. ಇನ್ನಾಸಪ್ಪ ಆ ಕೂಸನ್ನು ನೋಡಿದ. ತಾನು ಗೆದ್ದರೆ ಅದು ಇಂದಿನಿಂದ ಕುಡಿಯುವುದು ಕೆರೆಯ ನೀರನ್ನು. ಅವನಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. "ಸ್ವಾಮಿ, ನನ್ನ ಹತ್ತಿರ ಕೊಡೋಕೆ ಏನೂ ಉಳಿದಿಲ್ಲ, ನೀನೇ ನೋಡ್ಕೊ," ಎಂದು ದೇವರಿಗೆ ಹೇಳಿ, ಹಗ್ಗ ಕೆಳಗಿಟ್ಟು, ಕಲ್ಲಿನ ಮೇಲೆ ಕುಳಿತು ಬೊಗಸೆಯೊಡ್ಡಿದ.

"ಹುಚ್ಚೇನಯ್ಯ ನಿನಗೆ?" ಎಂದರು ಅಮಲ್ದಾರರು.

"ಇಲ್ಲ ಬುದ್ಧಿ. ಬಾಯಾರಿಕೆ."

ಅಮಲ್ದಾರರು ಕುದುರೆ ತಿರುಗಿಸಿಕೊಂಡು ಹೋದರು. ಆಮೇಲೆ ಪಟೇಲನೇ ಸೇದಿ ಹುಯ್ದ. ಬೊಗಸೆ ತುಂಬಿ ಹರಿಯಿತು. ಇನ್ನಾಸಪ್ಪ ಕುಡಿಯುವುದನ್ನೇ ಮರೆತು ನೀರನ್ನು ನೋಡುತ್ತಿದ್ದ.

"ಅವತ್ತು ನಾವು ಒಬ್ರಾದ್ರೂ ಇಲ್ಲಿರ್ಬೇಕಿತ್ತು," ಎಂದ ಪಟೇಲ. ಬಿಂದಿಗೆಯನ್ನು ಇನ್ನಾಸಪ್ಪನ ಕೈಗೆ ಕೊಟ್ಟು, ಅದೇ ಕಲ್ಲಿನ ಮೇಲೆ ತಾನು ಕುಳಿತು, ಎಲ್ಲರ ಕಣ್ಣೆದುರು ಬೊಗಸೆಯೊಡ್ಡಿದ. "ಈಗ ನೀನು ಹುಯ್ಯಿ."

ಇನ್ನಾಸಪ್ಪ ಹುಯ್ದ. ಆಗಲೂ ಅವನ ಎದೆಯಲ್ಲಿ ಏನೂ ಮಿಸುಕಲಿಲ್ಲವಂತೆ. ಕೈ ಮಾತ್ರ ತನ್ನ ಕೆಲಸ ಮಾಡಿತು. ಸಾಯುವವರೆಗೂ ಅವನು ಆ ಊರು ಬಿಡಲಿಲ್ಲ. ಅವನ ಮಾತಿಗೆ ಎಷ್ಟು ಜನ ಪಾದ್ರಿಗಳ ಗುಡಿಗೆ ಸೇರಿದರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಈಗ ಆ ಹಗ್ಗವನ್ನು ಯಾರು ಬೇಕಾದರೂ ಮುಟ್ಟಬಹುದು. ಆದರೆ ತಾನೇ ಸೇದಿದ್ದನ್ನು ತಾನೇ ಕುಡಿಯುವವರು ಇಲ್ಲಿಲ್ಲ. ಒಬ್ಬರು ಕೂರುತ್ತಾರೆ, ಇನ್ನೊಬ್ಬರು ಹುಯ್ಯುತ್ತಾರೆ. ಸುಗ್ಗಿಯಲ್ಲಿ ಹೋದವರಿಗೆ ಇನ್ನೊಂದೂ ಕಾಣುತ್ತದೆ. ಊರೆಲ್ಲ ಕಣದಲ್ಲಿರುವಾಗ ಬಾವಿಯ ಬಳಿ ಒಬ್ಬರು ಸುಮ್ಮನೆ ಕುಳಿತಿರುತ್ತಾರೆ. ಕಳೆದ ಸಲ ಕುಳಿತಿದ್ದ ಮುದುಕಿಯನ್ನು ಏಕೆಂದು ಕೇಳಿದ್ದಕ್ಕೆ, ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದಳು.

"ಯಾರಾರ ಬಂದ್ರೆ?" ಎಂದಳು.