ಅರಿಷಿಣ ಹಚ್ಚಿದ ಜನರೇಟರ್

"ಗುರುಗಳೇ, ಆಪತ್ತಿಗೆ ಎಂದು ಎಷ್ಟು ಕೂಡಿಟ್ಟರೆ ಸಾಕು?"

ಕೇಳಿದವನು ಬಟ್ಟೆ ಅಂಗಡಿಯ ಮುರಿಗೆಪ್ಪ. ಒಂದು ವರ್ಷಕ್ಕಾಗುವ ಕಾಳುಕಡಿ, ಮನೆಯಿಡೀ ಬೆಳಗುವ ಹೊಸ ಜನರೇಟರ್, ಅದಕ್ಕೆ ಬೇಕಾದ ಡೀಸೆಲ್, ಇದನ್ನೆಲ್ಲ ತುಂಬಿಡಲು ಹಿತ್ತಲಲ್ಲಿ ಕಬ್ಬಿಣದ ಬಾಗಿಲಿನ ಒಂದು ಕೋಣೆ. ಇಷ್ಟಕ್ಕೂ ಮಾತು ಮುಗಿದಿತ್ತು. ಮರುದಿನ ಬೆಳಿಗ್ಗೆ ಮುಂಗಡ ಕೊಡುವುದಿತ್ತು. ಆರು ತಿಂಗಳಿಗೆ ಸಾಕು ಎಂದು ಹೆಂಡತಿ ಹೇಳಿದ್ದಳು. ಎರಡು ವರ್ಷಕ್ಕಿರಲಿ ಎಂದು ತಮ್ಮ ಹೇಳಿದ್ದ. ನಡುವೆ ಸಿಕ್ಕ ಮುರಿಗೆಪ್ಪ ಮಠಕ್ಕೆ ಬಂದಿದ್ದ.

ಗುರುಗಳು ಮಠ ಸೇರುವ ಮುಂಚೆ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡಿದವರು. ಲೆಕ್ಕದ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಟ್ಟಾರು ಎಂದು ಅವನು ಕಾದ. ಅವರು ಕತೆ ಶುರುಮಾಡಿದರು.

ಒಂದು ಊರಲ್ಲಿ ಒಬ್ಬ ಕಿರಾಣಿ ವ್ಯಾಪಾರಿ ಇದ್ದ. ಒಂದು ಮಳೆಗಾಲ ಊರ ಸೇತುವೆ ಮುಳುಗಿತು, ಕರೆಂಟು ಹೋಯಿತು. ಆ ವಾರ ಅವನ ಅಂಗಡಿಯಲ್ಲಿ ಮೇಣದಬತ್ತಿ, ಬೆಂಕಿಪೊಟ್ಟಣ, ಬ್ಯಾಟರಿ ಸೆಲ್ಲು ಇಟ್ಟ ಹಾಗೆ ಖಾಲಿಯಾದವು. ಗಲ್ಲಾ ತುಂಬಿತು. ಖುಷಿಯಿಂದ ಮನೆಗೆ ಹೋದರೆ ಮನೆಯಲ್ಲಿ ಕತ್ತಲು. ಊರಿಗೆಲ್ಲ ಬೆಳಕು ಮಾರಿದವನು ತನಗೆಂದು ಒಂದು ಬತ್ತಿಯನ್ನೂ ಉಳಿಸಿಕೊಂಡಿರಲಿಲ್ಲ. ಹೆಂಡತಿ ತಡಕಾಡಿ ಬಡಿಸಿದಳು. ಅವನು ತಡಕಾಡಿ ಉಂಡ. ಅನ್ನವೆಂದುಕೊಂಡು ಉಪ್ಪಿನಕಾಯಿಯ ತುತ್ತನ್ನೇ ಬಾಯಿಗಿಟ್ಟ.

ಮಳೆ ನಿಂತ ಮೇಲೆ ಅವನು ಒಂದು ಕೋಣೆ ಖಾಲಿ ಮಾಡಿಸಿದ. ಅಕ್ಕಿ, ಗೋಧಿ, ತೊಗರಿಬೇಳೆ, ಬೆಲ್ಲ, ಎಣ್ಣೆಯ ಡಬ್ಬಿ, ಬೆಂಕಿಪೊಟ್ಟಣ, ಎಲ್ಲವನ್ನೂ ಚಾವಣಿಯ ತನಕ ಜೋಡಿಸಿದ. ನಡುವೆ ಒಂದು ಜನರೇಟರ್ ತಂದು ಕೂರಿಸಿ ಅದರ ಹೊಟ್ಟೆ ತುಂಬ ಡೀಸೆಲ್ ಸುರಿಸಿದ. ದೊಡ್ಡ ಬೀಗ ಹಾಕಿ ಕೀಲಿಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಆ ಹೊತ್ತಿನಿಂದ ಅವನ ನಡಿಗೆಯೇ ಬೇರೆಯಾಯಿತು. ಮೋಡ ಕಂಡರೆ ನಗುತ್ತಿದ್ದ.

ಅಂಗಡಿಯಲ್ಲಿ ಅವನು ಬಲು ಚುರುಕು. ಹೊಸ ಮಾಲು ಬಂದರೆ ಹಿಂದೆ, ಹಳೆಯದು ಮುಂದೆ. ಇದು ಅವನ ಅಪ್ಪ ಕಲಿಸಿದ ಪಾಠ. ಯಾವ ಮೂಟೆಯೂ ಅವನ ಅಂಗಡಿಯಲ್ಲಿ ಹಳತಾಗುವಷ್ಟು ಹೊತ್ತು ಕೂತದ್ದಿಲ್ಲ. ಮನೆಯ ಕೋಣೆಗೆ ಮಾತ್ರ ಆ ಪಾಠ ಹೋಗಲಿಲ್ಲ. ಅಲ್ಲಿಟ್ಟದ್ದು ಮಾಲಲ್ಲ, ಧೈರ್ಯ ಎಂದು ಅವನು ತಿಳಿದಿದ್ದ.

ಒಂದು ಸಲ ಹೆಂಡತಿ ಕೋಣೆಯ ಬೀಗ ತೆಗೆಯಿರಿ, ಒಂದಿಷ್ಟು ಬೇಳೆ ಬೇಕು ಎಂದಳು.

"ಅದು ಆಪತ್ತಿಗೆ ಇಟ್ಟದ್ದು," ಎಂದ.

"ನಿಮ್ಮ ಅಕ್ಕ ಆರು ಮಕ್ಕಳನ್ನ ಕಟಗೊಂಡು ಬಂದು ಕುಂತಾರ. ಇದಕ್ಕಿಂತ ದೊಡ್ಡ ಆಪತ್ತು ಬೇಕೇನ್ರಿ?"

ಅವನು ಅಂಗಡಿಯಿಂದ ಬೇಳೆ ತರಿಸಿಕೊಟ್ಟ. ಬೀಗ ತೆಗೆಯಲಿಲ್ಲ.

ಆ ಸೀಮೆಯಲ್ಲಿ ಅಮಾವಾಸ್ಯೆಗೆ ಪೇಟೆ ಮುಚ್ಚುತ್ತದೆ. ಅಂದು ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಮಷಿನ್ನುಗಳಿಗೆ ಪೂಜೆ. ವ್ಯಾಪಾರಿ ಅಂದು ಮಾತ್ರ ಕೋಣೆಯ ಬಾಗಿಲು ತೆರೆಯುತ್ತಿದ್ದ. ಜನರೇಟರಿಗೆ ಅರಿಷಿಣ ಬಳಿದು, ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಅದರ ನೆತ್ತಿಯ ಮೇಲೇ ಕಾಯಿ ಒಡೆದು ನೀರು ಬಿಡುತ್ತಿದ್ದ. ಕೈಮುಗಿದು ಬೀಗ ಹಾಕುತ್ತಿದ್ದ. ಪೂಜೆಯ ದಿನ ಅದನ್ನು ಓಡಿಸುವಂತಿಲ್ಲ, ಅಂದು ಅದಕ್ಕೆ ವಿಶ್ರಾಂತಿ. ಬೇರೆ ದಿನ ಕರೆಂಟು ಇರುತ್ತಿತ್ತು, ಸುಮ್ಮನೆ ಎಣ್ಣೆ ಸುಡುವುದು ಲುಕ್ಸಾನು. ಕರೆಂಟು ಒಂದೆರಡು ತಾಸು ಹೋದರೆ, ಇಷ್ಟಕ್ಕೆಲ್ಲ ಅದನ್ನು ಎಬ್ಬಿಸಬಾರದು ಎನ್ನುತ್ತಿದ್ದ. ಹೀಗೆ ಆ ಜನರೇಟರ್ ದೇವರಾಗಿ ಕೂತಿತು. ಅದರ ದನಿ ಹೇಗಿದೆ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅವನ ಎದುರು ಮನೆಯಲ್ಲಿ ಖಾನಾವಳಿ ನಡೆಸುವ ಒಬ್ಬ ಹೆಂಗಸು ಇದ್ದಳು. ಅವಳ ಹತ್ತಿರ ಒಂದು ಹಳೆಯ ಎಂಜಿನ್ ಇತ್ತು. ಕೆಮ್ಮುತ್ತಿತ್ತು, ಹೊಗೆ ಕಾರುತ್ತಿತ್ತು. ಅಮಾವಾಸ್ಯೆಗೆ ಖಾನಾವಳಿಗೂ ರಜೆ. ಅಂದು ಸಂಜೆ ಅವಳು ಬೇಕೆಂದೇ ಮೇನ್ ಸ್ವಿಚ್ ಆರಿಸಿಬಿಡುತ್ತಿದ್ದಳು. ಓಣಿಯ ಹೆಂಗಸರು ಲಾಟೀನು ಹಿಡಿದು ಬರುತ್ತಿದ್ದರು. ಕಪಾಟಿನಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೋ ಅದರಲ್ಲೇ ಅಂದಿನ ಅಡುಗೆ. ಎಂಜಿನ್ ಎಬ್ಬಿಸಿ, ಬಾವಿಯ ನೀರೆತ್ತಿ, ಅದರ ಬೆಳಕಲ್ಲೇ ಕೂತು ಎಲ್ಲರೂ ಉಣ್ಣುತ್ತಿದ್ದರು. ಖಾಲಿಯಾದದ್ದನ್ನು ಮರುದಿನ ಮನೆಗಿಷ್ಟು ಎಂದು ತಂದು ತುಂಬುತ್ತಿದ್ದರು. ಹಾಡು, ಚೇಷ್ಟೆ, ನಗು, ಓಣಿಯ ತುದಿಗೆ ಕೇಳುತ್ತಿತ್ತು.

ವ್ಯಾಪಾರಿ ತನ್ನ ಕಟ್ಟೆಯ ಮೇಲಿಂದ ನೋಡಿ ತಮಾಷೆ ಮಾಡುತ್ತಿದ್ದ.

"ಏನ್ರೀ ಅಕ್ಕಾರ, ಇದ್ದ ಕರೆಂಟ್ ಆರಿಸಿ ಎಣ್ಣಿ ಸುಡತೀರಲ್ಲ, ಇದು ಯಾವ ವ್ಯಾಪಾರ?"

"ಹೊಸಾ ಒಲಿ ಹತ್ತತೈತೋ ಇಲ್ಲೋ ಅನ್ನೋದನ್ನ ನೀವು ಬೀಗರು ಬಂದು ಕುಂತ ಮ್ಯಾಲೆ ನೋಡತೀರೇನ್ರೀ ಸಾಹುಕಾರ್ರ?" ಎಂದು ಅವಳು ಅಲ್ಲಿಂದಲೇ ಕೂಗುತ್ತಿದ್ದಳು.

ಅವನು ನಕ್ಕು ಉಡಿದಾರ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹೀಗಿರುವಾಗ ಅವನ ಮಗಳ ಮದುವೆ ಗೊತ್ತಾಯಿತು. ಗೋಧೂಳಿ ಮುಹೂರ್ತ. ಹಿಂದಿನ ದಿನವೇ ಗಂಡಿನ ಕಡೆಯವರು ಎರಡು ಬಸ್ಸು ತುಂಬ ಬಂದಿಳಿದರು. ಅವರು ಸೇತುವೆ ದಾಟಿದ್ದೇ ತಡ, ಹಳ್ಳ ಸೇತುವೆಯ ಮೇಲೇ ಹರಿಯಿತು. ಅಡುಗೆಯವರು ಆಚೆ ದಡದಲ್ಲಿ ಉಳಿದರು. ಮದುವೆಯ ಸಾಮಾನು, ಅಂಗಡಿಯ ಹೊಸ ಮಾಲು ಹೇರಿದ ಗಾಡಿಯೂ ಆಚೆ ಉಳಿಯಿತು; ಅಂಗಡಿಯಲ್ಲಿದ್ದದ್ದನ್ನು ಮಳೆಯ ಭಯಕ್ಕೆ ಊರವರು ಆಗಲೇ ಕೊಂಡು ಖಾಲಿ ಮಾಡಿದ್ದರು. ವಾಲಗದವರೂ ಆಚೆ. ಕರೆಂಟು ಹೋಯಿತು. ಮದುವೆಯ ದಿನ ಬೆಳಗಾದಾಗ ಮನೆ ತುಂಬ ಬೀಗರು, ತೊಟ್ಟಿಯಲ್ಲಿ ನೀರಿಲ್ಲ.

ಹೆಂಡತಿಯ ಮುಖ ಬಾಡಿತು. ವ್ಯಾಪಾರಿಯ ಮುಖ ಅರಳಿತು. ಇಷ್ಟು ದಿನ ಕಾದದ್ದು ಇದಕ್ಕೇ. ಅವನು ಶಲ್ಯ ಸರಿಮಾಡಿಕೊಂಡು, ಬೀಗರ ಹಿರಿಯರನ್ನೆಲ್ಲ ಕರೆದು, ಎಲ್ಲರ ಎದುರು ಕೋಣೆಯ ಬೀಗ ತೆಗೆದ.

ಗಂಡಿನ ಸೋದರಮಾವ ಇಣುಕಿ ನೋಡಿದ. "ಏನ್ರೀ ಬೀಗರ, ನಮ್ಮ ಮದುಮಗಳಿಗಿಂತ ನಿಮ್ಮ ಜನರೇಟರ್ ಹೆಚ್ಚು ಅರಿಷಿಣ ಹಚ್ಚಿಕೊಂಡೈತಲ್ಲ!"

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕು ಹಗ್ಗ ಎಳೆದ. ಅದು ಮಾತಾಡಲಿಲ್ಲ. ಇನ್ನೊಮ್ಮೆ ಎಳೆದ. ಸೋದರಮಾವ ಅಂಗಿಯ ತೋಳು ಮಡಚಿ ಎಳೆದ. ಮದುಮಗ ಬಾಸಿಂಗ ಬಿದ್ದೀತೆಂಬ ಭಯವಿಲ್ಲದೆ ಬಂದು ಎಳೆದ. ಒಣಗಿದ ಹೂವಿನ ಎಸಳು ನಾಲ್ಕು ಉದುರಿದವೇ ಹೊರತು ಎಂಜಿನ್ ಏಳಲಿಲ್ಲ. ಗಾಳಿ ಹೋಗುವ ತೂತುಗಳಲ್ಲಿ ಅರಿಷಿಣ ಗಟ್ಟಿಯಾಗಿ ಕೂತಿತ್ತು. ಕಾಯಿನೀರು ಕುಡಿದ ಕಬ್ಬಿಣ ತುಕ್ಕು ಹಿಡಿದಿತ್ತು. ಹೊಟ್ಟೆಯಲ್ಲಿದ್ದ ಡೀಸೆಲ್ ರಾಡಿಯಾಗಿತ್ತು. ರಿಪೇರಿಯವನೂ ಸೇತುವೆಯ ಆಚೆ.

ಅಕ್ಕಿಯ ಮೂಟೆ ಬಿಚ್ಚಿದರೆ ಅಕ್ಕಿ ತಾನೇ ನಡೆಯುತ್ತಿತ್ತು. ಬೇಳೆ ಮುಟ್ಟಿದರೆ ಹಿಟ್ಟು. ಎಣ್ಣೆ ಮೂಗಿಗೆ ಹಿಡಿಯುವಂತಿರಲಿಲ್ಲ. ಬೆಂಕಿಕಡ್ಡಿ ಗೀರಿದರೆ ತಲೆ ಮೆತ್ತಗೆ ಕಳಚಿ ಬಿತ್ತು.

ವ್ಯಾಪಾರಿ ಮೂಟೆಗಳ ನಡುವೆ ಕೂತುಬಿಟ್ಟ. ಸಂಜೆಗೆ ಮಗಳ ಧಾರೆ. ಎರಡು ಬಸ್ಸಿನ ಜನ ಹಸಿದು ಕತ್ತಲಲ್ಲಿ ಕೂತರೆ ನಾಳೆ ಯಾವ ಊರಲ್ಲಿ ತಲೆಯೆತ್ತುವುದು? ಆ ಮನೆಯಲ್ಲಿ ಮಗಳು ಬಾಳುವುದು ಹೇಗೆ? ತನ್ನ ಅಂಗಡಿಗೆ ಇಂಥ ಮಾಲು ಯಾರಾದರೂ ತಂದಿದ್ದರೆ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಎದ್ದು ಎದುರು ಮನೆಗೆ ಹೋದ. ಖಾನಾವಳಿಯ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾರ, ನಿಮ್ಮ ಎಂಜಿನ್ ಇವತ್ತೊಂದು ದಿನ ಬಾಡಿಗಿಗೆ ಕೊಡ್ರಿ. ರೇಟು ನೀವೇ ಹೇಳ್ರಿ."

"ಎಂಜಿನ್ ಎಲ್ಲಿಗೂ ಬರೂದಿಲ್ಲ. ಓಣಿಗೆಲ್ಲ ನೀರು ಎತ್ತಬೇಕು ಅದು," ಎಂದಳು, ಕೈ ನಿಲ್ಲಿಸದೆ. "ಮದುವಿನ್ನ ಇಲ್ಲಿಗೆ ತರ್ರಿ."

"ಬಾಡಿಗಿ?"

"ನಿಮ್ಮ ಕೋಣಿ ಕೀಲಿಕೈ."

ವ್ಯಾಪಾರಿಯ ಕೈ ಉಡಿದಾರಕ್ಕೆ ಹೋಯಿತು. ದುಡ್ಡು ಕೇಳಿದ್ದರೆ ಚೌಕಾಸಿ ಮಾಡುತ್ತಿದ್ದ. ಆ ಕೋಣೆಯಲ್ಲಿ ಈಗ ಇದ್ದದ್ದು ಹುಳ. ಆದರೂ ಕೈ ಉಡಿದಾರದಿಂದ ಏಳಲಿಲ್ಲ. ಅಷ್ಟರಲ್ಲಿ ಎದುರಿನ ಜಗಲಿಯ ಮೇಲೆ ಮಗಳು ಬಂದು ನಿಂತಳು. ಈ ತೂಕಕ್ಕೆ ತಕ್ಕಡಿ ಬೇಕಾಗಲಿಲ್ಲ. ದಾರ ಕಡಿದು ಕೀಲಿಕೈ ಕೊಟ್ಟ.

ಆಮೇಲೆ ಆ ಓಣಿಯಲ್ಲಿ ನಡೆದದ್ದನ್ನು ಅವನು ಬಾಯಿ ತೆರೆದು ನೋಡಿದ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಅಮಾವಾಸ್ಯೆ ಅಮಾವಾಸ್ಯೆಗೆ ಮಾಡಿದ ಕೆಲಸ, ಕೈಗಳಿಗೆ ಗೊತ್ತಿತ್ತು. ಹೆಂಗಸರು ಮೊರ, ಜರಡಿ ಹಿಡಿದು ಅವನ ಕೋಣೆಗೆ ನುಗ್ಗಿದರು. ಅಕ್ಕಿ ಕೇರಿದರು, ಗೋಧಿ ಆರಿಸಿದರು. ಹುಳುಗಳೆಲ್ಲ ಓಣಿಯ ಕೋಳಿಗಳ ಪಾಲಾದವು. ಮದುವೆಯ ಮೊದಲ ಪಂಕ್ತಿ ಅವುಗಳದ್ದೇ. ನಾತ ಹೊಡೆಯುವ ಎಣ್ಣೆ ದೀವಟಿಗೆಗೆ ಹೋಯಿತು. ಬೆಲ್ಲ ಒಂದಿಷ್ಟು ಬೆವೆತಿತ್ತು, ಸಿಹಿ ಮಾತ್ರ ಬಿಟ್ಟಿರಲಿಲ್ಲ. ಆ ಗೋಧಿ, ಆ ಬೆಲ್ಲ ಸೇರಿ ಹಂಡೆ ತುಂಬ ಹುಗ್ಗಿಯಾಯಿತು. ಬೇಳೆ ಓಣಿಯ ಮನೆಮನೆಯಿಂದ ಬಂತು. ರೊಟ್ಟಿ ಬಡಿಯುವ ಸದ್ದೇ ವಾಲಗವಾಯಿತು.

"ಸಾಹುಕಾರ್ರ, ಗೂಟಾ ನಿಂತಂಗ ನಿಂದರಬ್ಯಾಡ್ರಿ. ಆ ಕೊಡ ಎತ್ತರಿ!" ಎಂದು ಯಾರೋ ಕೂಗಿದರು.

ಅವನು ಕೊಡ ಎತ್ತಿದ. ಎತ್ತಿದವನು ಸಂಜೆಯ ತನಕ ಇಳಿಸಲಿಲ್ಲ. ರೇಷ್ಮೆ ಧೋತರ ಮೊಣಕಾಲಿನ ತನಕ ಒದ್ದೆಯಾಯಿತು. ಎಷ್ಟೋ ವರ್ಷದ ಮೇಲೆ ಅವನು ಲಾಭ ನಷ್ಟ ನೋಡದೆ ನಕ್ಕ.

ದನಗಳು ಊರಿಗೆ ತಿರುಗುವ ಹೊತ್ತಿಗೆ ಖಾನಾವಳಿಯ ಹೆಂಗಸು ಎಂಜಿನ್ನಿನ ಹಗ್ಗ ಸುತ್ತಿ ಒಂದೇ ಸಲ ಎಳೆದಳು. ಅದು ಕೆಮ್ಮಿತು, ಹೊಗೆ ಕಾರಿತು, ಎದ್ದಿತು. ಓಣಿಯ ಬಲ್ಬುಗಳೆಲ್ಲ ಹೊತ್ತಿದವು. ಆ ಬೆಳಕಲ್ಲಿ ಧಾರೆಯಾಯಿತು. ಸೋದರಮಾವ ಹುಗ್ಗಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, "ಬೀಗರ, ಸೇತುವಿ ಇನ್ನೊಂದೆರಡು ದಿನ ಹಿಂಗ ಇರಲಿ ಅಂತ ದೇವರಿಗೆ ಹರಕಿ ಹೊರ್ರಿ," ಎಂದ.

ನೀರು ಇಳಿದ ಮೇಲೆ ರಿಪೇರಿಯವನು ಬಂದು ಜನರೇಟರಿನ ಒಳಗಿಂದ ಅರಿಷಿಣ ಕೆರೆದು ತೆಗೆದ. ಮುಂದಿನ ಅಮಾವಾಸ್ಯೆಗೆ ವ್ಯಾಪಾರಿ ಅದಕ್ಕೆ ಒಂದೇ ಒಂದು ಬೊಟ್ಟು ಕುಂಕುಮವಿಟ್ಟ. ಆಮೇಲೆ ಮೇನ್ ಸ್ವಿಚ್ ತಾನೇ ಆರಿಸಿ ಹಗ್ಗ ಎಳೆದ. ದೇವರು ಡುಗುಡುಗು ಎಂದು ದನಿ ಬಿಟ್ಟಿತು. ಅಂದಿನ ಊಟ ಅವನ ಅಂಗಳದಲ್ಲಿ. ಕೋಣೆಗೆ ಮತ್ತೆ ಬೀಗ ಬೀಳಲಿಲ್ಲ. ಹೊಸದು ಹಿಂದೆ, ಹಳೆಯದು ಮುಂದೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪ ತಡೆಯಲಾರದೆ ಕೇಳಿದ. "ಹಾಗಾದರೆ ಒಟ್ಟಿನಲ್ಲಿ ಆ ವ್ಯಾಪಾರಿಗೆ ದಕ್ಕಿದ್ದೇನು?"

"ಹೋದದ್ದು ಒಂದು ಬೀಗ, ಒಂದಿಷ್ಟು ಬೇಳೆ. ಬಂದದ್ದು ಒಬ್ಬ ಅಳಿಯ, ಒಂದು ಓಣಿ, ಕರೆದರೆ ಏಳುವ ಎರಡು ಎಂಜಿನ್," ಎಂದರು ಗುರುಗಳು.

ಮುರಿಗೆಪ್ಪ ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದ. ಲೆಕ್ಕ ಸರಿಯಿತ್ತು. ಆದರೆ ತನ್ನ ಪ್ರಶ್ನೆ ಹಾಗೇ ಉಳಿದಿತ್ತು. "ನಾಳೆ ಮುಂಗಡ ಕೊಡಬೇಕು, ಗುರುಗಳೇ. ಆರು ತಿಂಗಳಿಗೋ, ಎರಡು ವರ್ಷಕ್ಕೋ?"

ಗುರುಗಳು ಎದ್ದು ಶಲ್ಯ ಕೊಡವಿದರು.

"ಬರುವ ಅಮಾವಾಸ್ಯೆಗೆ ನಿನ್ನ ಮನೆಗೆ ಊಟಕ್ಕೆ ಬರ್ತೀನಿ, ಮುರಿಗೆಪ್ಪ; ಮೇನ್ ಸ್ವಿಚ್ ಆರಿಸಿಡು."